ಸ್ವಾರಸ್ಯ ಬರೆಯುವುದು ನಿಮಗೆ ಗೊತ್ತಿದೆ

ಓದುಗರ ಪತ್ರ: ‘ನಾವು ಇಂಗ್ಲೆಂಡಿನ ರೆಡಿಂಗ್‌ಗೆ ಬಂದು ಒಂಬತ್ತು ವರ್ಷವಾಯಿತು. ಮಗಳಿಗೆ ಮೇ ತಿಂಗಳಲ್ಲಿ ಎಕ್ಯೂಎ ಎಂಬ ಪರೀಕ್ಷಾ ಮಂಡಳಿಯ ಜಿಸಿಎಸ್‌ಇ (ಇಲ್ಲಿ ಹದಿನಾರರ ಸುಮಾರಿಗೆ ಮಕ್ಕಳು ಬರೆಯುವ ಪರೀಕ್ಷೆ) ಇಂಗ್ಲಿಷ್ ಸಾಹಿತ್ಯದ ಪತ್ರಿಕೆಗಳಿವೆ. ಶಾಲೆಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ 5ನೇ ಗ್ರೇಡ್ ಬಂದಿದೆ, ಅವಳಿಗೆ 7 ಬೇಕು (ಇಲ್ಲಿ 9 ಅತಿ ಮೇಲಿನದು). ಷೇಕ್ಸ್‌ಪಿಯರ್‌ನ ‘ಮ್ಯಾಕ್‌ಬೆತ್’ ನಾಟಕದ ಅರವತ್ತು ಸಾಲುಗಳನ್ನು ಚೀಟಿಗಳಲ್ಲಿ ಬರೆದು ಗೋಡೆಗೆಲ್ಲ ಅಂಟಿಸಿ ಉರುಹೊಡೆಯುತ್ತಿದ್ದಾಳೆ. ನಾನು ಸಾಗರದ ಕಡೆಯವಳು, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ. ಷೇಕ್ಸ್‌ಪಿಯರ್ ಎಂದರೆ ನನಗೇ ಭಯ. ಅವಳಿಗೆ ಹೇಗೆ ನೆರವಾಗಲಿ? ಸಿದ್ಧ ಉತ್ತರಗಳ ಪುಸ್ತಕ ಕೊಡಿಸಲೇ?’

ಪ್ರಿಯ ಸಹೋದರಿ,

ಪುಸ್ತಕದ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಬೇಡ. ಹಸುವಿನ ಪ್ರಬಂಧ ಬಾಯಿಪಾಠ ಮಾಡಿ ಹೋದ ಹುಡುಗ, ತೆಂಗಿನಮರದ ಬಗ್ಗೆ ಪ್ರಶ್ನೆ ಬಂದಾಗ ಹಸುವನ್ನು ಮರಕ್ಕೆ ಕಟ್ಟಿಹಾಕಿ ಬರೆದ ಕಥೆ ನಿಮಗೂ ಗೊತ್ತಿರಬೇಕು. ಬಿ.ಎ. ಓದುವಾಗ ಆ ಹುಡುಗ ನಾನೇ ಆಗಿದ್ದೆ. ಪ್ರಶ್ನೆ ಇದೇ ‘ಮ್ಯಾಕ್‌ಬೆತ್’ ನಾಟಕದ ಮಾಟಗಾತಿಯರ ಬಗ್ಗೆ ಇತ್ತು. ಗೈಡಿನಲ್ಲಿ ಓದಿಕೊಂಡಿದ್ದ, ನಾಯಕನ ಹೆಂಡತಿ ಲೇಡಿ ಮ್ಯಾಕ್‌ಬೆತ್‌ಳನ್ನು ಎಳೆದು ತಂದು ನಾಲ್ಕು ಪುಟ ತುಂಬಿಸಿದೆ. ಬಂದ ಅಂಕವನ್ನು ಇವತ್ತಿಗೂ ಮನೆಯಲ್ಲಿ ಹೇಳಿಲ್ಲ.

ಈಗ ನಿಮ್ಮ ಭಯದ ವಿಷಯ. ಹತ್ತನೆಯ ತರಗತಿಯ ಕನ್ನಡ ಪತ್ರಿಕೆಯಲ್ಲಿ ‘ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ’ ಎಂಬ ಪ್ರಶ್ನೆಗಳನ್ನು ನೀವು ಬರೆದಿದ್ದೀರಿ. ಆಯ್ಕೆ, ಸಂದರ್ಭ, ಸ್ವಾರಸ್ಯ. ನಿಮ್ಮ ಮಗಳ ಪರೀಕ್ಷೆಯೂ ಬಹುಮಟ್ಟಿಗೆ ಅದೇ. ಪಠ್ಯಪುಸ್ತಕ ಒಳಗೆ ಒಯ್ಯುವಂತಿಲ್ಲ. ನಾಟಕದ ಒಂದು ತುಣುಕನ್ನು ಮುದ್ರಿಸಿ ಕೊಡುತ್ತಾರೆ. ಅಲ್ಲಿಂದ ಹೊರಟು ಇಡೀ ನಾಟಕದ ಬಗ್ಗೆ ಬರೆಯಬೇಕು. ಮೂವತ್ತು ಅಂಕಗಳಲ್ಲಿ 12 ನಾಟಕವನ್ನು ಅರಿತು, ಅದರ ಮಾತುಗಳನ್ನೇ ಆಧಾರವಾಗಿಟ್ಟು ಉತ್ತರಿಸಿದ್ದಕ್ಕೆ. ಇನ್ನು 12, ಕವಿ ಅದನ್ನು ಹೇಗೆ ಹೇಳಿದ್ದಾನೆ ಎಂಬುದನ್ನು ಬಿಡಿಸಿ ತೋರಿಸಿದ್ದಕ್ಕೆ. ಉಳಿದ 6 ನಾಟಕ ಹುಟ್ಟಿದ ಕಾಲಸಂದರ್ಭಕ್ಕೆ. ಕಾಗುಣಿತ, ವಾಕ್ಯಶುದ್ಧಿಗೆ ಪ್ರತ್ಯೇಕವಾಗಿ 4. ಎರಡನೆಯ ಹನ್ನೆರಡು ಇದೆಯಲ್ಲ, ಅದೇ ನಮ್ಮ ಸ್ವಾರಸ್ಯ.

ನಮ್ಮಲ್ಲಿ ಎಷ್ಟೋ ಮಕ್ಕಳು ಏನೂ ತೋಚದಿದ್ದಾಗ ‘ಎಂಬುದು ಇಲ್ಲಿ ಸ್ವಾರಸ್ಯಪೂರ್ಣವಾಗಿ ಮೂಡಿಬಂದಿದೆ’ ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತಿದ್ದೆವು. ಅಲ್ಲಿನ ಮಕ್ಕಳೂ ಕಡಿಮೆಯಿಲ್ಲ. ‘ಇದು ಓದುಗರ ಕುತೂಹಲ ಕೆರಳಿಸುತ್ತದೆ’ ಎಂಬ ವಾಕ್ಯ ಅವರ ಕೈಬಿಡದ ಆಪ್ತಮಿತ್ರ. ಮಗಳ ಹಳೆಯ ಉತ್ತರಗಳಲ್ಲಿ ಇಂಥ ವಾಕ್ಯ ಕಂಡಲ್ಲೆಲ್ಲ ಪೆನ್ಸಿಲ್ಲಿನಿಂದ ಗೆರೆ ಎಳೆಯಿರಿ. ಇದಕ್ಕೆ ಷೇಕ್ಸ್‌ಪಿಯರ್ ಗೊತ್ತಿರಬೇಕಾಗಿಲ್ಲ.

ಗೋಡೆಯ ಮೇಲಿನ ಅರವತ್ತು ಚೀಟಿಗಳಲ್ಲಿ ನಲವತ್ತನ್ನಾದರೂ ಕಿತ್ತುಬಿಡಲಿ. ಉಳಿಯಬೇಕಾದವು ಮೂರು ನಾಲ್ಕು ಪದಗಳ ತುಂಡುಗಳು, ಅದರಲ್ಲೂ ಒಂದಕ್ಕೊಂದು ಮಾತನಾಡುವ ತುಂಡುಗಳು. ದೊರೆ ಡಂಕನ್‌ನನ್ನು ಕೊಂದು ಬಂದ ಮ್ಯಾಕ್‌ಬೆತ್ ತನ್ನ ಕೈಯ ರಕ್ತವನ್ನು ಸಮುದ್ರವೇ ಬಂದರೂ ತೊಳೆದೀತೇ ಎಂದು ನಡುಗುತ್ತಾನೆ. ಹೆಂಡತಿಯದು ಒಂದೇ ಮಾತು: ಸ್ವಲ್ಪ ನೀರು ಸಾಕು. ಅಲ್ಲಿ ಅವಳು ಬಳಸುವುದು ‘ಎ ಲಿಟಲ್ ವಾಟರ್’ ಎಂಬ ಮಾತು. ಐದನೆಯ ಅಂಕದಲ್ಲಿ ಅದೇ ಹೆಂಗಸು ನಿದ್ದೆಯಲ್ಲಿ ನಡೆಯುತ್ತ ಕೈ ಉಜ್ಜುತ್ತಾಳೆ. ಅರೇಬಿಯದ ಸುಗಂಧವನ್ನೆಲ್ಲ ತಂದು ಸುರಿದರೂ ಈ ಪುಟ್ಟ ಕೈಯ ವಾಸನೆ ಹೋಗದು ಎನ್ನುತ್ತಾಳೆ. ‘ದಿಸ್ ಲಿಟಲ್ ಹ್ಯಾಂಡ್’. ಎರಡೂ ಕಡೆ ‘ಲಿಟಲ್’. ಮೊದಲು ಪಾಪವನ್ನು ತೊಳೆಯುವ ನೀರು ಸ್ವಲ್ಪ ಸಾಕಿತ್ತು. ಈಗ ಕೈ ಚಿಕ್ಕದು, ಕಲೆ ಮಾತ್ರ ತೊಳೆಯಲಾರದಷ್ಟು ದೊಡ್ಡದು. ಇನ್ನೊಂದು ಸಂಗತಿ: ಅಲ್ಲಿಯವರೆಗೆ ಪದ್ಯದಲ್ಲಿ ಮಾತನಾಡುತ್ತಿದ್ದವಳು ಈ ದೃಶ್ಯದಲ್ಲಿ ಗದ್ಯಕ್ಕೆ ಇಳಿದಿದ್ದಾಳೆ. ಮನಸ್ಸು ಹಿಡಿತ ತಪ್ಪಿದಾಗ ಛಂದಸ್ಸೂ ತಪ್ಪಿದೆ. ಬಾಯಿಪಾಠ ಆರು ಪದ, ಬರೆಯುವುದಕ್ಕೆ ಒಂದು ಪುಟ.

ಕಾಲಸಂದರ್ಭವೆಂದರೆ ಇತಿಹಾಸದ ಪ್ಯಾರಾ ತಂದು ಅಂಟಿಸುವುದಲ್ಲ. ಸ್ಕಾಟ್ಲೆಂಡಿನ ಜೇಮ್ಸ್ 1603ರಲ್ಲಿ ಇಂಗ್ಲೆಂಡಿಗೂ ದೊರೆಯಾದ, 1605ರಲ್ಲಿ ಅವನನ್ನು ಸಿಡಿಮದ್ದಿಟ್ಟು ಕೊಲ್ಲುವ ಸಂಚು ನಡೆಯಿತು ಎಂದು ಎಲ್ಲ ಮಕ್ಕಳೂ ಬರೆಯುತ್ತಾರೆ. ಎಲ್ಲಿ ಬರೆಯಬೇಕು ಎಂಬುದೇ ಜಾಣತನ. ‘ದೊರೆ ನನ್ನ ಬಂಧು, ನನ್ನ ಒಡೆಯ, ಮೇಲಾಗಿ ಮನೆಗೆ ಬಂದ ಅತಿಥಿ’ ಎಂದು ಮ್ಯಾಕ್‌ಬೆತ್ ಕೊಲೆಗೆ ಮುಂಚೆ ಹಿಂಜರಿಯುತ್ತಾನಲ್ಲ, ಅಲ್ಲಿ ಅರ್ಧ ವಾಕ್ಯದಲ್ಲಿ ಬಂದರೆ ಅದಕ್ಕೆ ಬೆಲೆ.

ಇದೇ ಪರೀಕ್ಷೆಯ ಎರಡನೆಯ ಪತ್ರಿಕೆಯಲ್ಲಿ ಬರುವ ಪದ್ಯಗಳ ಬಗ್ಗೆ ನೀವು ಕೇಳಿಲ್ಲ, ಆದರೆ ಎಡವುವುದು ಅಲ್ಲೇ. ಹದಿನೈದು ಪದ್ಯಗಳ ಗುಚ್ಛದಲ್ಲಿ ಒಂದನ್ನು ಮುದ್ರಿಸಿ ಕೊಡುತ್ತಾರೆ. ಅದರೊಡನೆ ಹೋಲಿಸಲು ಇನ್ನೊಂದನ್ನು ನೆನಪಿನಿಂದಲೇ ಆರಿಸಿಕೊಳ್ಳಬೇಕು. ಆದ್ದರಿಂದ ಹದಿನೈದನ್ನು ಬಿಡಿಬಿಡಿಯಾಗಿ ಓದದೆ ಜೋಡಿ ಕಟ್ಟಿ ಓದಲಿ. ‘ಅಧಿಕಾರ ಮತ್ತು ಸಂಘರ್ಷ’ದ ಗುಚ್ಛವಾದರೆ ಶೆಲ್ಲಿಯ ‘ಒಜಿಮಾಂಡಿಯಸ್’ ಪಕ್ಕದಲ್ಲಿ ಬ್ರೌನಿಂಗನ ‘ಮೈ ಲಾಸ್ಟ್ ಡಚೆಸ್’ ಇಟ್ಟು ನೋಡಲಿ. ಒಂದರಲ್ಲಿ ಚಕ್ರವರ್ತಿಯ ಪ್ರತಿಮೆ ಮರಳಿನಲ್ಲಿ ಮುರಿದು ಬಿದ್ದಿದೆ. ಇನ್ನೊಂದರಲ್ಲಿ ಸತ್ತ ಹೆಂಡತಿಯ ಚಿತ್ರಕ್ಕೆ ಪರದೆ, ಅದನ್ನು ಸರಿಸುವ ಹಕ್ಕು ಗಂಡನೊಬ್ಬನಿಗೇ. ಇಬ್ಬರು ದರ್ಪಿಷ್ಠರು, ಎರಡು ಕಲಾಕೃತಿ. ಇಂಥ ಏಳೆಂಟು ಜೋಡಿ ಸಾಕು.

ನೀವು ಮಾಡಬೇಕಾದ ದೊಡ್ಡ ಕೆಲಸ ಕೇಳುವುದು. ಸಾಗರದ ಕಡೆಯವರಿಗೆ ತಾಳಮದ್ದಳೆ ವಿವರಿಸಬೇಕಿಲ್ಲ. ಭಾಗವತರು ಹಾಡುವ ಪದ್ಯ ನಾಲ್ಕು ಸಾಲು; ಅರ್ಥಧಾರಿ ಅದನ್ನು ಹಿಡಿದು ವಾದ ಬೆಳೆಸುತ್ತಾನೆ, ಎದುರಿನವನು ಕೆಣಕುತ್ತಾನೆ. ರಾತ್ರಿ ನೀವು ಚಪಾತಿ ಲಟ್ಟಿಸುವಾಗ ಮಗಳು ಒಂದು ಚೀಟಿ ಎತ್ತಿಕೊಂಡು ಅರ್ಥ ಹೇಳಲಿ, ಕನ್ನಡದಲ್ಲೇ ಹೇಳಲಿ. ನೀವು ‘ಅದೇ ಪದ ಯಾಕೆ? ಬೇರೆ ಪದ ಹಾಕಿದ್ದರೆ ಏನಾಗುತ್ತಿತ್ತು?’ ಎಂದು ಕೆಣಕಿ. ತಡವರಿಸಿದಲ್ಲಿ ಅವಳಿಗೆ ಅರ್ಥವಾಗಿಲ್ಲ ಎಂದು ತಿಳಿಯಿರಿ. ಆಮೇಲೆ ಇಂಗ್ಲಿಷಿನಲ್ಲಿ ಬರೆಯಲಿ, ಗಡಿಯಾರ ಇಟ್ಟುಕೊಂಡು. ಮೊದಲ ಪತ್ರಿಕೆ ಒಂದು ಮುಕ್ಕಾಲು ಗಂಟೆ, ಉತ್ತರಗಳು ಎರಡು. ಒಂದೊಂದಕ್ಕೆ ಐವತ್ತು ನಿಮಿಷ.

ಕಥೆ ಗೊತ್ತಿಲ್ಲದೆ ಕೆಣಕುವುದು ಹೇಗೆ ಎನ್ನುತ್ತೀರಾ? ಡಿ.ವಿ.ಜಿ. ‘ಮ್ಯಾಕ್‌ಬೆತ್’ ನಾಟಕವನ್ನು ಕನ್ನಡಕ್ಕೆ ತಂದಿದ್ದಾರೆ. ಅವರಿಗೂ ಮೊದಲು, 1895ರಷ್ಟು ಹಿಂದೆಯೇ, ಎಂ.ಎಲ್. ಶ್ರೀಕಂಠೇಶಗೌಡರು ಅದನ್ನು ‘ಪ್ರತಾಪರುದ್ರದೇವ’ ಎಂದು ನಮ್ಮ ರಂಗಕ್ಕೆ ಒಗ್ಗಿಸಿದ್ದರು. ಊರಿನಿಂದ ಬರುವವರ ಕೈಯಲ್ಲಿ ಡಿ.ವಿ.ಜಿ.ಯವರದನ್ನು ತರಿಸಿಕೊಳ್ಳಿ.

ಮೊದಲ ರಾತ್ರಿಗೆ ಒಂದು ಪ್ರಶ್ನೆ ನಾನೇ ಕೊಡುತ್ತೇನೆ. ಕೊಲೆಗೆ ಮುಂಚೆ ಲೇಡಿ ಮ್ಯಾಕ್‌ಬೆತ್ ಕಗ್ಗತ್ತಲೆಯನ್ನು ಬಾ ಎಂದು ಕರೆಯುತ್ತಾಳೆ. ನಿದ್ದೆಯಲ್ಲಿ ನಡೆಯುವ ಹೊತ್ತಿಗೆ ಅವಳ ಕೈಯಲ್ಲಿ ದೀಪವಿದೆ. ಸದಾ ಪಕ್ಕದಲ್ಲಿ ದೀಪ ಇರಬೇಕೆಂಬುದು ಅವಳದೇ ಅಪ್ಪಣೆಯಂತೆ. ಮಗಳು ಇದಕ್ಕೆ ಏನು ಹೇಳಿದಳೆಂದು ನನಗೆ ಬರೆಯಿರಿ.

— ಸಂಪಾದಕ