ಕಬ್ಬಿನ ಟ್ರೇಲರ್‌ನ ಹಿಂದಿನ ಲೈಟು ಹೇರಿದ ಮೇಲೆ ಕಾಣುವುದಿಲ್ಲ, ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟೂ ಮಿಣುಕುತ್ತದೆ. ಏನು ಮಾಡಬೇಕು?

ಒಂದು ಹಾಕಿದರೆ ಇನ್ನೊಂದು ಮಿಣುಕುವುದು ಬಹುತೇಕ ಅರ್ಥಿಂಗ್ (ಕರೆಂಟು ಬ್ಯಾಟರಿಗೆ ವಾಪಸಾಗುವ ದಾರಿ) ದೋಷ. ಟ್ರೇಲರ್ ಲೈಟುಗಳಿಗೆ ಹುಕ್ಕಿನ ಪಿನ್ನಿನಿಂದಲೇ ಅರ್ಥ್ ಸಿಗಲಿ ಎಂದು ಬಿಟ್ಟಿರುತ್ತಾರೆ. ಅಲ್ಲಿ ತುಕ್ಕು, ಗ್ರೀಸು, ಎರೆಮಣ್ಣು ತುಂಬಿರುತ್ತದೆ. ದಾರಿ ಸಿಗದ ಕರೆಂಟು ಪಕ್ಕದ ಬಲ್ಬಿನ ಮೂಲಕ ವಾಪಸಾಗುತ್ತದೆ. ಟ್ರೇಲರ್ ವಯರನ್ನು ಟ್ರ್ಯಾಕ್ಟರಿಗೆ ಸಿಕ್ಕಿಸುವ ಏಳು ಪಿನ್ನಿನ ಸಾಕೆಟ್‌ನಲ್ಲಿ ಸಾಮಾನ್ಯವಾಗಿ 3ನೆಯದು ಅರ್ಥ್. ಅದರಿಂದ ಬೇರೆ ವಯರ್ ಎಳೆಸಿ ಪ್ರತಿ ಲೈಟಿಗೂ ಕೊಡಿಸಿ. ಚಾಸಿಗೆ ಬೋಲ್ಟ್ ಹಾಕುವಲ್ಲಿ ಪೇಂಟ್ ಕೆರೆಯಲೇಬೇಕು. ವಯರಿನ ಬಣ್ಣ ನಂಬಬೇಡಿ, 12 ವೋಲ್ಟಿನ ಟೆಸ್ಟ್ ಲ್ಯಾಂಪ್ ಹಿಡಿದು ನೋಡಿ.

ಕಬ್ಬು ಹಿಂದಕ್ಕೆ ಚಾಚಿ ಲೈಟು ಮುಚ್ಚುವುದಕ್ಕೆ ನನ್ನ ಸಲಹೆ ಇದು: ಟ್ರೇಲರ್ ಅಗಲದ ಒಂದು ಹಲಗೆಗೆ ಎರಡೂ ಬದಿಯ ಲೈಟು ಕೂಡಿಸಿ, ವಯರ್ ಉದ್ದ ಬಿಡಿಸಿ. ಹೇರಿದ ಮೇಲೆ ಕಬ್ಬಿನ ತುದಿಗೆ ಹಗ್ಗದಿಂದ ಬಿಗಿಯಿರಿ, ಇಳಿಸುವ ಮುಂಚೆ ಬಿಚ್ಚಿಕೊಳ್ಳಿ.

ಮೂಲೆಯ ಕಂಬಗಳಿಗೆ ರಿಫ್ಲೆಕ್ಟರ್ ಪಟ್ಟಿ: ಹಿಂದೆ ಕೆಂಪು, ಬದಿಗೆ ಹಳದಿ, ಮುಂದೆ ಬಿಳಿ. ಹಲಗೆಯ ಹಿಂಬದಿಗೂ ಕೆಂಪು ಅಂಟಿಸಿ. ಹಾವೇರಿಯ ಸಂಗೂರು ಕಾರ್ಖಾನೆ ಕಡೆಯ ರಸ್ತೆಯಲ್ಲಿ ರಾತ್ರಿ ಟೈರ್ ಪಂಕ್ಚರ್ ಆಗಿ, ಎಂಜಿನ್ ಬಂದ್ ಮಾಡಿ ನಿಂತರೆ, ಹಿಂದಿನಿಂದ ಬರುವ ಬೈಕಿನವರ ಜೀವ ಉಳಿಸುವುದು ಆ ಪಟ್ಟಿಯೇ. ಧೂಳು ಕೂತರೆ ಅದು ಹೊಳೆಯುವುದಿಲ್ಲ, ಹೊರಡುವ ಮುನ್ನ ದಯವಿಟ್ಟು ಒಮ್ಮೆ ಒರೆಸಿ.