ಭಾವನ ಮಾತ್ರೆ ಮುಗಿಯಿತು, ನಿಮ್ಮದು ಮುಗಿದಿಲ್ಲ

ಈ ಮಳೆಗಾಲದಲ್ಲಿ ಇದೇ ಪ್ರಶ್ನೆ ನಾಲ್ಕನೆಯ ಬಾರಿ ಬಂದಿದೆ. ಹಾಗಾಗಿ ಈ ವಾರದ ಜಾಗವೆಲ್ಲ ಹೆಚ್ಚುಕಡಿಮೆ ಇದಕ್ಕೇ.

ಪ್ರಶ್ನೆ: ನನಗೆ ಹೆಪಟೈಟಿಸ್ ಬಿ ಇದೆ. ಎರಡು ವರ್ಷದಿಂದ ಟೆನೊಫೊವಿರ್ ತೆಗೆದುಕೊಳ್ಳುತ್ತಿದ್ದೇನೆ. ರಕ್ತದಲ್ಲಿ ವೈರಸ್ ಕಾಣುತ್ತಿಲ್ಲ, ಯಕೃತ್ತಿನ ಕಿಣ್ವ ಎಸ್‌ಜಿಪಿಟಿಯೂ ಸರಿಯಿದೆ. ಹೆಪಟೈಟಿಸ್ ಸಿ ಇದ್ದ ನಮ್ಮ ಭಾವನವರು ಮೂರೇ ತಿಂಗಳು ಮಾತ್ರೆ ನುಂಗಿ ಗುಣವಾದರು. ನಾನೂ ನಿಲ್ಲಿಸಬಹುದೇ?
(ಅಡಿಕೆ ಬೆಳೆಗಾರರು, ತೀರ್ಥಹಳ್ಳಿ)

ಉತ್ತರ: ನಿಲ್ಲಿಸಬೇಡಿ. ಬಿ ಮತ್ತು ಸಿ ಅಣ್ಣತಮ್ಮಂದಿರಲ್ಲ, ಹೆಸರಷ್ಟೇ ಒಂದು.

ಎರಡು ಕಾಯಿಲೆಯಲ್ಲೂ ಮಾತ್ರೆ ಕಟ್ಟಿಹಾಕುವುದು ವೈರಸ್ಸಿನ ನಕಲು ತೆಗೆಯುವ ಕಿಣ್ವವನ್ನು, ಅಂದರೆ ಪಾಲಿಮರೇಸನ್ನು. ಅದು ಹೂವಿನ ದಂಡೆ ಕಟ್ಟಿದಂತೆ ಒಂದರ ಪಕ್ಕ ಒಂದು ಕಣ ಪೋಣಿಸುತ್ತ ಹೋಗುತ್ತದೆ. ಟೆನೊಫೊವಿರ್ ತೊಟ್ಟಿಲ್ಲದ ಹೂವು. ಕಿಣ್ವ ಮೋಸಹೋಗಿ ಅದನ್ನು ಸೇರಿಸಿಕೊಂಡರೆ ಮುಂದಿನದನ್ನು ಕಟ್ಟಲು ಜಾಗವಿಲ್ಲ, ದಂಡೆ ಅಲ್ಲಿಗೇ ನಿಲ್ಲುತ್ತದೆ. 2013ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸೊಫೊಸ್ಬುವಿರ್ ಸಿ ವೈರಸ್ಸಿನ ದಂಡೆಯನ್ನೂ ನಡುವಿನಲ್ಲೇ ನಿಲ್ಲಿಸುತ್ತದೆ.

ಹಾಗಾದರೆ ಭಾವನವರಿಗೆ 12 ವಾರ ಸಾಕಾದದ್ದು ಹೇಗೆ? ಸಿ ವೈರಸ್ಸಿಗೆ ಇರುವುದು ಆರ್‌ಎನ್‌ಎ ಮಾತ್ರ, ಬಚ್ಚಿಟ್ಟ ಮೂಲಪ್ರತಿ ಇಲ್ಲ. ನಕಲು ನಿಂತರೆ ಇದ್ದದ್ದೂ ಅಳಿದುಹೋಗುತ್ತದೆ. ಬಿ ವೈರಸ್ ತನ್ನ ಡಿಎನ್‌ಎಯನ್ನು ಬಳೆಯ ಹಾಗೆ ಬೆಸೆದು ಯಕೃತ್ತಿನ ಕೋಶಕೇಂದ್ರದಲ್ಲಿ ಇಟ್ಟುಬಿಡುತ್ತದೆ. ಆ ಬಳೆಯನ್ನು ಓದುವುದು ನಿಮ್ಮದೇ ಜೀವಕೋಶದ ಕಿಣ್ವ. ಟೆನೊಫೊವಿರ್ ಅದನ್ನು ಮುಟ್ಟುವುದಿಲ್ಲ. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆದ ವರ್ಷ ಕೊಳೆರೋಗ ಬರಲಿಲ್ಲವೆಂದು ಮರುವರ್ಷ ದೋಟಿ ಮೂಲೆಗಿಡುತ್ತೀರಾ?

ಕೊಯ್ಲಿನ ಗಡಿಬಿಡಿಯಲ್ಲಿ ಮಾತ್ರೆ ಬಿಟ್ಟ ಒಬ್ಬರು ಕೆಲವೇ ತಿಂಗಳಲ್ಲಿ ನನ್ನೆದುರು ಬಂದು ಕೂತಾಗ ಕಣ್ಣು ಅರಿಶಿನದ ಬಣ್ಣಕ್ಕೆ ತಿರುಗಿತ್ತು, ಹೊಟ್ಟೆಯಲ್ಲಿ ನೀರು ತುಂಬಿತ್ತು. ಅವರು ಉಳಿದರು. ಎಲ್ಲರೂ ಉಳಿಯುವುದಿಲ್ಲ.

ಎಚ್‌ಬಿಎಸ್‌ಎಜಿ (ಬಿ ವೈರಸ್ಸಿನ ಹೊರಕವಚದ ಪ್ರೋಟೀನನ್ನು ರಕ್ತದಲ್ಲಿ ಹುಡುಕುವ ಪರೀಕ್ಷೆ) ನೆಗೆಟಿವ್ ಆಗಿ ಹಾಗೆಯೇ ಉಳಿದರೆ ನಿಲ್ಲಿಸುವ ಮಾತನ್ನು ನಿಮ್ಮ ವೈದ್ಯರೇ ಎತ್ತುತ್ತಾರೆ. ಅದಕ್ಕೂ ಮೊದಲೇ ನಿಲ್ಲಿಸಿ ನೋಡುವ ವೈದ್ಯರಿದ್ದಾರೆ. ನಾನು ಆ ಗುಂಪಿನವನಲ್ಲ. ಮೂತ್ರಪಿಂಡಕ್ಕಾಗಿ ಕ್ರಿಯಾಟಿನಿನ್ ಪರೀಕ್ಷೆ ತಪ್ಪಿಸಬೇಡಿ. ಖರ್ಚಿನ ನೆಪ ಹೇಳಬೇಡಿ: 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಈ ಔಷಧ ಉಚಿತ. ಮನೆಯವರ ರಕ್ತಪರೀಕ್ಷೆ ಮಾಡಿಸಿದ್ದೀರಾ? ಪತ್ರದಲ್ಲಿ ಆ ಸುದ್ದಿಯೇ ಇಲ್ಲ.

ಪ್ರಶ್ನೆ: ಎಸ್‌ಜಿಪಿಟಿ 90 ಇದೆ. ಇಳಿಸಲು ಯಾವ ಟಾನಿಕ್ ಒಳ್ಳೆಯದು? (ಸಾಗರ)

ಯಾವುದೂ ಅಲ್ಲ. ಆ ಕಿಣ್ವ ಪೆಟ್ಟು ತಿಂದ ಜೀವಕೋಶದಿಂದ ಸೋರಿದ್ದು. ಪೆಟ್ಟು ಕೊಟ್ಟವರು ಯಾರೆಂದು ಹುಡುಕಿ.

ಪ್ರಶ್ನೆ: ಕಾಮಾಲೆಗೆ ನೆಲನೆಲ್ಲಿ ಸಾಕಲ್ಲವೇ? (ಹೊಸನಗರ)

ಹೆಪಟೈಟಿಸ್ ಎ ಸಾಮಾನ್ಯವಾಗಿ ತಾನಾಗಿಯೇ ವಾಸಿಯಾಗುತ್ತದೆ, ಕೀರ್ತಿ ಕಷಾಯಕ್ಕೆ. ನಿಮ್ಮದು ಎ ಎಂದು ಹೇಳಿದವರು ಯಾರು?

ಪ್ರಶ್ನೆ: ಪಂಡಿತರೊಬ್ಬರು ಕೈಗೆ ಏನೋ ಸವರಿ ಸುಣ್ಣದ ತಿಳಿನೀರಿನಲ್ಲಿ ತೊಳೆದಾಗ ನೀರೆಲ್ಲ ಹಳದಿಯಾಯಿತು. ಕಾಮಾಲೆ ಇಳಿದಂತೆಯೇ? (ಭದ್ರಾವತಿ)

ಮಾವಿನ ಚಕ್ಕೆಯ ರಸಕ್ಕೆ ಸುಣ್ಣ ಬಿದ್ದರೆ ಹಳದಿಯೇ. ಇನ್ನೊಮ್ಮೆ ಹೋದಾಗ ಪಂಡಿತರ ಕೈಗೇ ಸವರಿ ತೊಳೆಸಿ ನೋಡಿ.