ಸಂಪಾದಕರ ಉತ್ತರ: ಎಷ್ಟು ಸಲ ತಿದ್ದಿಕೊಡಬೇಕು?

ಈ ಸಲ ಒಂದೇ ಪತ್ರಕ್ಕೆ ಉತ್ತರ. ಬರೆದವರು ಹೆಸರು ಹಾಕಬೇಡಿ ಎಂದಿದ್ದಾರೆ. ಇನ್ನೂ ನೌಕರಿಯಲ್ಲಿದ್ದಾರೆ, ಹಾಗಾಗಿ ಕಾರಣ ಕೇಳಬೇಕಿಲ್ಲ. ಪತ್ರದ ಮುಖ್ಯ ಭಾಗ ಇದು:

“ನಾಲ್ಕು ವರ್ಷದಿಂದ ಒಂದು ಜಾಹೀರಾತು ಕಂಪನಿಯಲ್ಲಿ ಗ್ರಾಫಿಕ್ ಡಿಸೈನರ್ ಆಗಿದ್ದೇನೆ. ಕೆಲಸ ಬಿಟ್ಟು ಸ್ವಂತವಾಗಿ ಫ್ರೀಲಾನ್ಸ್ ಶುರು ಮಾಡುವ ಆಸೆ. ಯಾವ ಕಂಪ್ಯೂಟರ್ ತಗೊಳ್ಳಲಿ, ಯಾವ ಸಾಫ್ಟ್‌ವೇರ್ ಬೇಕೇ ಬೇಕು, ಏನು ಹೆಸರಿಡಲಿ, ಕೆಲಸ ಯಾವಾಗ ಬಿಡಲಿ ತಿಳಿಸಿ. ಈಗಾಗಲೇ ಹೊರಗಿನವರೊಬ್ಬರಿಗೆ ಲೋಗೋ ಮಾಡಿಕೊಟ್ಟೆ. ಹನ್ನೊಂದು ಸಲ ತಿದ್ದಿಸಿದರು. ಕೊನೆಗೆ ‘ಮೊದಲನೆಯದೇ ಚೆನ್ನಾಗಿತ್ತು’ ಅಂದರು. ದುಡ್ಡು ಇನ್ನೂ ಬಂದಿಲ್ಲ. ರೇಟು ಕಮ್ಮಿ ಹೇಳಿದ್ದೇ ನನ್ನ ತಪ್ಪಾಯಿತೇನೋ.”

ಕಂಪ್ಯೂಟರ್, ಹೆಸರು ಆಮೇಲೆ ನೋಡೋಣ. ನಿಮ್ಮ ಪತ್ರದಲ್ಲಿ ನಿಜವಾದ ವಿಷಯ ಇರುವುದು ಆ ಲೋಗೋ ಕತೆಯಲ್ಲಿ. ರೇಟು ಕಮ್ಮಿ ಹೇಳಿದ್ದಕ್ಕೆ ಹಾಗಾಗಲಿಲ್ಲ. ಎರಡರಷ್ಟು ಹೇಳಿದ್ದರೂ ಹನ್ನೊಂದು ಸಲ ತಿದ್ದಿಸುತ್ತಿದ್ದರು. ಕೆಲಸ ಎಲ್ಲಿಗೆ ಮುಗಿಯಿತು ಎಂದು ನೀವು ಶುರುವಿನಲ್ಲಿ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ಅಷ್ಟೇ ಆಗಿದ್ದು.

ಡಿಸೈನರ್‌ಗಳಿಂದ ಕೆಲಸ ಮಾಡಿಸಿಕೊಳ್ಳುವ ಜಾಗದಲ್ಲಿ ಕೂತವನು ನಾನು. ಆ ಕಡೆಯ ಗುಟ್ಟು ಹೇಳುತ್ತೇನೆ ಕೇಳಿ. ಹೀಗೆ ತಿದ್ದಿಸುವವರೆಲ್ಲ ಕೆಟ್ಟವರಲ್ಲ. ತಿದ್ದಿಸುವುದಕ್ಕೆ ದುಡ್ಡು ಕೊಡಬೇಕಿಲ್ಲ ಎಂದರೆ ಯಾರಾದರೂ ತಿದ್ದಿಸುತ್ತಲೇ ಇರುತ್ತಾರೆ. “ಆ ನೀಲಿ ಸ್ವಲ್ಪ ಗಾಢ ಆದರೆ ಹೇಗೆ?” ಎಂದು ಕೇಳಲು ಅವರಿಗೆ ಅರ್ಧ ನಿಮಿಷ ಸಾಕು. ಅದನ್ನು ಮಾಡಿ, ನೋಡಿ, ಮತ್ತೆ ಫೈಲ್ ತೆಗೆದು ಕಳಿಸಲು ನಿಮಗೆ ಅರ್ಧ ಗಂಟೆ ಬೇಕು. ಈ ವ್ಯತ್ಯಾಸ ಅವರಿಗೆ ಕಾಣುವುದಿಲ್ಲ. ಕಾಣಿಸಬೇಕಾದವರು ನೀವು.

ಅದಕ್ಕೆ ವಕೀಲರ ಭಾಷೆ ಬೇಕಿಲ್ಲ. ಕೆಲಸ ಶುರು ಮಾಡುವ ಮೊದಲು ಕಳಿಸುವ ಕೊಟೇಶನ್‌ನಲ್ಲಿ ಇಷ್ಟು ಬರೆದರೆ ಆಯಿತು:

“ಲೋಗೋ ಒಂದು. ಮೊದಲಿಗೆ ಎರಡು ಬೇರೆ ಬೇರೆ ಐಡಿಯಾ ತೋರಿಸುತ್ತೇನೆ. ನೀವು ಒಂದನ್ನು ಆರಿಸಿದ ಮೇಲೆ ಎರಡು ಸುತ್ತು ಕರೆಕ್ಷನ್ ಇದೇ ದರದಲ್ಲಿ ಸೇರಿದೆ. ಮೂರನೆಯ ಸುತ್ತಿನಿಂದ ಪ್ರತಿ ಸುತ್ತಿಗೆ ಇಷ್ಟು. ಕರೆಕ್ಷನ್‌ಗಳನ್ನು ನಿಮ್ಮ ಕಡೆಯಿಂದ ಒಬ್ಬರೇ, ಒಟ್ಟಿಗೆ, ಬರೆದು ಕಳಿಸಬೇಕು. ಅರ್ಧ ಹಣ ಬಂದ ಮೇಲೆ ಕೆಲಸ ಶುರು, ಉಳಿದರ್ಧ ಬಂದ ಮೇಲೆ ಕೊನೆಯ ಫೈಲ್. ಕೊಡುವುದು ಪಿಡಿಎಫ್, ಎಸ್‌ವಿಜಿ ಮತ್ತು ಪಿಎನ್‌ಜಿ. ಮಧ್ಯದಲ್ಲಿ ಬೇಡವೆಂದರೆ ಅಡ್ವಾನ್ಸ್ ವಾಪಸ್ ಇಲ್ಲ.”

ಇದರಲ್ಲಿ ‘ಒಬ್ಬರೇ, ಒಟ್ಟಿಗೆ, ಬರೆದು’ ಎಂಬ ಮೂರು ಪದಗಳನ್ನು ಮಾತ್ರ ಯಾವತ್ತೂ ತೆಗೆಯಬೇಡಿ. ಮಾಲೀಕರು ಕೆಂಪು ಬೇಕೆನ್ನುತ್ತಾರೆ, ಪಾಲುದಾರರಿಗೆ ಕೆಂಪು ಆಗುವುದಿಲ್ಲ. ಅವರಿಬ್ಬರ ಜಗಳ ನಿಮ್ಮ ಕಂಪ್ಯೂಟರ್‌ನಲ್ಲಿ ನಡೆಯಬಾರದು. ಅವರೊಳಗೆ ಬಗೆಹರಿಸಿಕೊಂಡು ಒಂದೇ ಪಟ್ಟಿ ಕೊಡಲಿ. ಆ ಒಂದು ಪಟ್ಟಿ ಅಂದರೆ ಒಂದು ಸುತ್ತು. ರಾತ್ರಿ ಹತ್ತಕ್ಕೆ ವಾಟ್ಸಾಪ್‌ನಲ್ಲಿ ಒಂದರ ಹಿಂದೊಂದು ಬರುವ ವಾಯ್ಸ್ ಮೆಸೇಜುಗಳಿಗೆ, “ಎಲ್ಲ ಸೇರಿಸಿ ಒಂದು ಮೇಲ್ ಹಾಕಿಬಿಡಿ, ಬೆಳಗ್ಗೆ ನೋಡುತ್ತೇನೆ” ಎಂದು ನಗುತ್ತಲೇ ಹೇಳಬಹುದು. ಬರೆಯಲು ಕೂತಾಗ ಅರ್ಧ ಕರೆಕ್ಷನ್ ಅವರಿಗೇ ಬೇಡ ಅನ್ನಿಸುತ್ತದೆ. ಮೇಜಿನ ಈ ಕಡೆ ಕೂತು ಹೇಳುತ್ತಿದ್ದೇನೆ, ನಂಬಿ.

ಇಷ್ಟೆಲ್ಲ ಷರತ್ತು ಹಾಕಿದರೆ ಹೊಸಬರಿಗೆ ಯಾರು ಕೆಲಸ ಕೊಡುತ್ತಾರೆ ಅಂತ ನಿಮಗೆ ಅನ್ನಿಸಬಹುದು. ನನ್ನ ಅನುಭವ ಬೇರೆ. ಹೀಗೆ ಬರೆದು ಕಳಿಸುವವರು ಹೇಳಿದ ದಿನಕ್ಕೆ ಕೆಲಸ ಕೊಡುತ್ತಾರೆ ಎಂಬ ಧೈರ್ಯ ನಮಗೆ ಬರುತ್ತದೆ. ಅಡ್ವಾನ್ಸ್ ಎಂದ ಕೂಡಲೇ ಮಾತು ನಿಲ್ಲಿಸುವವರೂ ಇದ್ದಾರೆ. ಅವರಲ್ಲಿ ಹೆಚ್ಚಿನವರು ಕೊನೆಯಲ್ಲೂ ದುಡ್ಡು ಕೊಡುವವರಲ್ಲ.

ಪಾಲ್ ರ‍್ಯಾಂಡ್ ಹೆಸರು ಕೇಳಿರುತ್ತೀರಿ, ಐಬಿಎಂ ಲೋಗೋ ಮಾಡಿದವರು. 1986ರಲ್ಲಿ ಸ್ಟೀವ್ ಜಾಬ್ಸ್ ತಮ್ಮ ನೆಕ್ಸ್ಟ್ ಕಂಪನಿಗೆ ಅವರಿಂದ ಲೋಗೋ ಮಾಡಿಸಿದರು. ಸಂಭಾವನೆ 1 ಲಕ್ಷ ಡಾಲರ್. ಎಲ್ಲರೂ ಆ ಮೊತ್ತದ ಬಗ್ಗೆಯೇ ಮಾತಾಡುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಬೇರೆ. ಒಂದೆರಡು ಆಯ್ಕೆ ಕೊಡಿ ಎಂದು ಜಾಬ್ಸ್ ಕೇಳಿದಾಗ ರ‍್ಯಾಂಡ್ ಒಪ್ಪಲಿಲ್ಲ. ಮಾಡುವುದು ಒಂದೇ, ಬಳಸುವುದು ಬಿಡುವುದು ನಿಮ್ಮಿಷ್ಟ, ದುಡ್ಡು ಮಾತ್ರ ಕೊಡಬೇಕು ಎಂದರು. ಅವರಷ್ಟು ಗತ್ತು ನನಗೂ ನಿಮಗೂ ಬೇಡ. ಆದರೆ ಎಷ್ಟು ಮಾಡಿಕೊಡುತ್ತೇನೆ ಎಂಬುದನ್ನು ಕೆಲಸಕ್ಕೆ ಮೊದಲೇ ಹೇಳಿದ್ದರಲ್ಲ, ಅದನ್ನು ಕಲಿಯಲು ಖರ್ಚಿಲ್ಲ.

ಈಗ ರೇಟು. ಸಂಬಳವನ್ನು ಗಂಟೆಗೆ ಭಾಗಿಸಿ ಅದನ್ನೇ ಕೇಳುವವರು ಬಹಳ ಜನ. ಅಲ್ಲೇ ನಷ್ಟ ಶುರುವಾಗುತ್ತದೆ. ವಾರಕ್ಕೆ 40 ಗಂಟೆಯಂತೆ ವರ್ಷಕ್ಕೆ 2080 ಗಂಟೆಗೆ ಈಗ ನಿಮಗೆ ಸಂಬಳ ಬರುತ್ತಿದೆ, ರಜೆಯೂ ಅದರಲ್ಲೇ ಸೇರಿದೆ. ಸ್ವಂತಕ್ಕೆ ನಿಂತರೆ ಹಬ್ಬ, ಜ್ವರ, ಕೆಲಸವಿಲ್ಲದ ವಾರ ಎಲ್ಲ ಕಳೆದು 44 ವಾರ ಉಳಿಯುತ್ತದೆ ಅಂದುಕೊಳ್ಳಿ. ಕೊಟೇಶನ್, ಬಿಲ್ಲು, ಫೋನು, ಹೊಸ ಕೆಲಸ ಹುಡುಕುವುದು, ಬಾಕಿ ಕೇಳುವುದು ಇವಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ವಾರಕ್ಕೆ 22 ಗಂಟೆ ಬಿಲ್ ಆದರೆ ದೊಡ್ಡದು. 44ನ್ನು 22ರಿಂದ ಗುಣಿಸಿದರೆ 968. ಅಂದರೆ ಈಗಿನಷ್ಟೇ ಸಂಪಾದಿಸಬೇಕಾದರೂ ಗಂಟೆಯ ದರ ಎರಡು ಪಟ್ಟಿಗಿಂತ ಜಾಸ್ತಿ ಇರಬೇಕು. ಸಾಫ್ಟ್‌ವೇರ್, ಕರೆಂಟು, ತೆರಿಗೆ ಇನ್ನೂ ಸೇರಿಲ್ಲ.

ಈ ಲೆಕ್ಕ ನಿಮ್ಮ ಪುಸ್ತಕದಲ್ಲಿರಲಿ. ಕ್ಲೈಂಟ್‌ಗೆ ಗಂಟೆ ಲೆಕ್ಕ ಹೇಳಬೇಡಿ, ಇಡೀ ಕೆಲಸಕ್ಕೆ ಒಂದು ಮೊತ್ತ ಹೇಳಿ. ಗಂಟೆಗೆ ಇಷ್ಟು ಎಂದರೆ ಕೈ ಚುರುಕಾದಷ್ಟೂ ನಿಮ್ಮ ಸಂಪಾದನೆ ಕಮ್ಮಿಯಾಗುತ್ತದೆ, ಇದು ಯಾವ ನ್ಯಾಯ? ನೈಕಿಯ ಗುರುತು ಬರೆದ ಕ್ಯಾರೊಲಿನ್ ಡೇವಿಡ್ಸನ್ 1971ರಲ್ಲಿ ಪೋರ್ಟ್‌ಲ್ಯಾಂಡ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಓದುತ್ತಿದ್ದರು. ಗಂಟೆಗೆ 2 ಡಾಲರ್‌ನಂತೆ ಅವರ ಬಿಲ್ಲು ಆಗಿದ್ದು 35 ಡಾಲರ್. 1983ರಲ್ಲಿ ಕಂಪನಿ ಕರೆದು ಉಂಗುರ ಮತ್ತು ಷೇರು ಕೊಟ್ಟು ಗೌರವಿಸಿತು, ನಿಜ. ಆದರೆ ಅದು ಕೊಟ್ಟವರ ದೊಡ್ಡತನ. ಅಂಥದ್ದನ್ನು ನಂಬಿ ಬಿಲ್ಲು ಬರೆಯಲಾಗುವುದಿಲ್ಲ.

ನೀವು ಕೇಳದ ಒಂದು ವಿಷಯ ಇದೆ, ಕೇಳಬೇಕಿತ್ತು. ನಾಲ್ಕು ವರ್ಷ ಕಂಪನಿಯಲ್ಲಿ ಮಾಡಿದ ಕೆಲಸವನ್ನು ನಿಮ್ಮ ಪೋರ್ಟ್‌ಫೋಲಿಯೋದಲ್ಲಿ, ಅಂದರೆ ಕ್ಲೈಂಟ್‌ಗೆ ತೋರಿಸುವ ಕೆಲಸಗಳ ಸಂಗ್ರಹದಲ್ಲಿ, ಹಾಕಬಹುದಾ? ನೌಕರಿಯಲ್ಲಿದ್ದಾಗ ಮಾಡಿದ್ದರ ಹಕ್ಕು ಬಹಳಷ್ಟು ದೇಶಗಳಲ್ಲಿ ಮಾಲೀಕರದ್ದು. ಹಾಗಾಗಿ ಕೇಳಿ, ಬರಹದಲ್ಲಿ ಒಪ್ಪಿಗೆ ತಗೊಳ್ಳಿ. ಅಲ್ಲಿನ ಕ್ಲೈಂಟ್‌ಗಳನ್ನು ಜೊತೆಗೆ ಕರೆದೊಯ್ಯುವ ಯೋಚನೆ ಇದ್ದರೆ ನಿಮ್ಮ ನೇಮಕದ ಪತ್ರವನ್ನು ಇನ್ನೊಮ್ಮೆ ಓದಿ. ಅದಕ್ಕೆ ತಡೆ ಇರುವುದುಂಟು. ಸ್ವಂತಕ್ಕೆ ಬಂದ ಮೇಲೆ ಇದು ತಿರುವುಮುರುವು: ಬರೆದುಕೊಡುವ ತನಕ ಡಿಸೈನ್‌ನ ಹಕ್ಕು ಸಾಮಾನ್ಯವಾಗಿ ನಿಮ್ಮದೇ. “ಪೂರ್ತಿ ಹಣ ಬಂದ ಮೇಲೆ ಹಕ್ಕು ನಿಮಗೆ ಸೇರುತ್ತದೆ” ಎಂಬ ಒಂದು ಸಾಲು ಕೊಟೇಶನ್‌ನಲ್ಲಿರಲಿ. ನಿಮ್ಮ ಆ ಲೋಗೋ ಮಹಾಶಯರಿಗೂ ಈಗ ಇದನ್ನೇ ನೆನಪಿಸಿ ಒಂದು ಮೇಲ್ ಹಾಕಿ, ಬಿಲ್ಲು ಲಗತ್ತಿಸಿ, ಹಣ ಕೊಡಲು ಒಂದು ತಾರೀಕು ಹೇಳಿ. ಬೈಗುಳ ಬೇಡ.

ಫಾಂಟ್ ವಿಷಯದಲ್ಲೂ ಹುಷಾರು. ‘ಫ್ರೀ’ ಎಂದು ಸಿಗುವ ಎಷ್ಟೋ ಫಾಂಟ್‌ಗಳು ಸ್ವಂತ ಬಳಕೆಗೆ ಮಾತ್ರ ಫ್ರೀ. ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ ಎಂಬ ಮುಕ್ತ ಪರವಾನಗಿ ಇರುವುದನ್ನು ವ್ಯಾಪಾರದ ಕೆಲಸಕ್ಕೂ ಬಳಸಬಹುದು. ಕಂಪನಿಯಲ್ಲಿದ್ದಾಗ ಇದನ್ನೆಲ್ಲ ಬೇರೆ ಯಾರೋ ನೋಡಿಕೊಳ್ಳುತ್ತಿದ್ದರು. ಇನ್ನು ಮೇಲೆ ನೋಟಿಸ್ ಬಂದರೆ ನಿಮ್ಮ ವಿಳಾಸಕ್ಕೇ ಬರುತ್ತದೆ.

ಇನ್ನು ಸಲಕರಣೆ. ಈಗಿರುವ ಕಂಪ್ಯೂಟರ್ ನಿಮ್ಮ ಫೈಲ್‌ಗಳನ್ನು ತೊದಲದೆ ತೆರೆಯುತ್ತಿದ್ದರೆ ಹೊಸದು ಬೇಡ. ದುಡ್ಡಿದ್ದರೆ ಒಳ್ಳೆಯ ಮಾನಿಟರ್ ಮತ್ತು ಬ್ಯಾಕಪ್‌ಗೆ ಒಂದು ಹಾರ್ಡ್ ಡಿಸ್ಕ್ ತಗೊಳ್ಳಿ. ಫೋಟೋಶಾಪ್, ಇಲಸ್ಟ್ರೇಟರ್ ಮಾಡುವ ಅಡೋಬಿ ಕಂಪನಿ 2013ರಿಂದ ತನ್ನ ಹೊಸ ಆವೃತ್ತಿಗಳನ್ನು ಚಂದಾ ಲೆಕ್ಕದಲ್ಲೇ ಕೊಡುತ್ತಿದೆ. ಕೆಲಸ ಬರಲಿ ಬಿಡಲಿ, ಕಟ್ಟುತ್ತಲೇ ಇರಬೇಕು. ಕ್ಲೈಂಟ್‌ಗಳು ಇಲಸ್ಟ್ರೇಟರ್ ಫೈಲೇ ಬೇಕು ಎನ್ನುವವರಾದರೆ ಬೇರೆ ದಾರಿಯಿಲ್ಲ. ಇಲ್ಲದಿದ್ದರೆ ಲೋಗೋಗೆ ಇಂಕ್‌ಸ್ಕೇಪ್, ಪುಟ ಕಟ್ಟಲು ಸ್ಕ್ರೈಬಸ್, ಎರಡೂ ಉಚಿತ. ಪೈರೇಟೆಡ್ ಕಾಪಿ ಮಾತ್ರ ಹಾಕಿಕೊಳ್ಳಬೇಡಿ.

ಸಾಫ್ಟ್‌ವೇರ್‌ಗಿಂತ ನಿಮ್ಮನ್ನು ಕಾಯುವುದು ಪ್ರೆಸ್‌ನ ತಿಳಿವಳಿಕೆ. ಕ್ಯಾನ್ವಾದಂಥ, ಯಾರು ಬೇಕಾದರೂ ಬಳಸಬಹುದಾದ ಡಿಸೈನ್ ಆ್ಯಪ್‌ಗಳು ಬಂದ ಮೇಲೆ ಸಣ್ಣಪುಟ್ಟ ಪೋಸ್ಟರನ್ನು ಕ್ಲೈಂಟೇ ಮಾಡಿಕೊಳ್ಳುತ್ತಾರೆ. ಅವರ ಕೈಯಲ್ಲಿ ಆಗದ್ದು ಅಚ್ಚಿಗೆ ಹೋಗುವ ಫೈಲ್. ಎ4 ಪಾಂಪ್ಲೆಟ್ 210×297 ಮಿ.ಮೀ. ಇರುತ್ತದೆ. ಬಣ್ಣ ಅಂಚಿನ ತನಕ ಹೋಗುವುದಿದ್ದರೆ ನಾಲ್ಕೂ ಕಡೆ 3 ಮಿ.ಮೀ. ಬ್ಲೀಡ್ (ಆಮೇಲೆ ಕತ್ತರಿಸಿ ತೆಗೆಯುವ ಹೆಚ್ಚುವರಿ ಅಂಚು) ಸೇರಿಸಿ 216×303 ಮಾಡಬೇಕು. ಇಲ್ಲದಿದ್ದರೆ ಕಟಿಂಗ್‌ನಲ್ಲಿ ಕೂದಲೆಳೆ ಜರುಗಿದರೂ ಅಂಚಿನಲ್ಲಿ ಬಿಳಿ ಗೆರೆ ಬೀಳುತ್ತದೆ. ಸಣ್ಣ ಕಪ್ಪು ಅಕ್ಷರ ಬರೀ ಕಪ್ಪು ಶಾಯಿಯಲ್ಲೇ ಇರಬೇಕು. ನಾಲ್ಕು ಬಣ್ಣ ಬೆರೆಸಿದ ಕಪ್ಪಾದರೆ ಒಂದು ಬಣ್ಣದ ಅಚ್ಚಿನ ಪ್ಲೇಟು ಚೂರು ಅಲುಗಿದರೂ ಅಕ್ಷರದ ಸುತ್ತ ಕೆಂಪು, ನೀಲಿ ಇಣುಕುತ್ತದೆ. ಪರದೆಯ ಮೇಲೆ ಹೊಳೆಯುವ ನೀಲಿ ಕಾಗದದ ಮೇಲೆ ಮಂಕಾಗುವುದು ನಿಮಗೆ ಗೊತ್ತು, ಕ್ಲೈಂಟ್‌ಗೆ ಗೊತ್ತಿಲ್ಲ. ಅದಕ್ಕೇ ಅಚ್ಚಾದ ಪ್ರೂಫ್ (ಮಾದರಿ ಪ್ರತಿ) ತೋರಿಸಿ, ಅದರ ಮೇಲೆಯೇ ಸಹಿ ತಗೊಳ್ಳಿ. ಫೋನ್ ನಂಬರು, ಸ್ಪೆಲ್ಲಿಂಗ್ ನೋಡುವ ಜವಾಬ್ದಾರಿ ಸಹಿ ಹಾಕಿದವರದು ಎಂದೂ ಬರೆದಿರಲಿ. ಸಾವಿರಗಟ್ಟಲೆ ಪ್ರತಿ ಅಚ್ಚಾದ ಮೇಲೆ ಒಂದು ಅಂಕಿ ತಪ್ಪಿದೆ ಎಂದು ಗೊತ್ತಾದರೆ, ಎಲ್ಲರೂ ಮೊದಲು ಫೋನ್ ಮಾಡುವುದು ಡಿಸೈನರ್‌ಗೇ.

ಕೆಲಸ ಯಾವಾಗ ಬಿಡುವುದು? ಹೊರಗಿನ ಕೆಲಸಕ್ಕೆ ಈಗಿನ ಕಂಪನಿಯ ತಕರಾರಿಲ್ಲ ಎಂದಾದರೆ, ಶನಿವಾರ ಭಾನುವಾರ ಮಾಡಿಕೊಂಡಿರಿ. ಹೊಸ ಕ್ಲೈಂಟ್ ಸಿಕ್ಕಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಎರಡನೇ ಸಲ ಬಂದವರನ್ನು ಮಾತ್ರ ಹಿಡಿಯಿರಿ. ಅಂಥವರು ಮೂರು ಜನ ಇದ್ದು, ಆರು ತಿಂಗಳ ಮನೆ ಖರ್ಚು ಬ್ಯಾಂಕಿನಲ್ಲಿದ್ದರೆ ರಾಜೀನಾಮೆ ಕೊಡಬಹುದು. ಒಬ್ಬರೇ ದೊಡ್ಡ ಕ್ಲೈಂಟ್ ಇದ್ದಾರೆ, ಅವರೇ ಸಾಕು ಅನ್ನಿಸಿದರೆ ಸ್ವಲ್ಪ ತಡೆಯಿರಿ. ಅವರು ಕೈಬಿಟ್ಟ ತಿಂಗಳು ನಿಮಗೆ ಏನೂ ಇರುವುದಿಲ್ಲ.

ಹೆಸರಿಗೆ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಹೆಸರೇ ಸಾಕು. ಬೇರೆ ಹೆಸರೇ ಬೇಕು ಅಂದರೆ ಇದೇ ಕೆಲಸದಲ್ಲಿ ಅದನ್ನು ಬೇರೆ ಯಾರಾದರೂ ನೋಂದಾಯಿಸಿದ್ದಾರಾ ನೋಡಿಕೊಳ್ಳಿ. ನಿಮ್ಮದೇ ಲೋಗೋ ಮಾಡಲು ಮಾತ್ರ ಈಗ ಕೂರಬೇಡಿ, ಅದು ಮುಗಿಯುವ ಕೆಲಸವಲ್ಲ. ಹೆಸರನ್ನು ಒಂದು ಒಳ್ಳೆಯ ಫಾಂಟ್‌ನಲ್ಲಿ ಟೈಪ್ ಮಾಡಿ, ಕೆಳಗೆ ಫೋನ್ ನಂಬರ್ ಹಾಕಿ, ಮುಂದಿನ ಕೊಟೇಶನ್ ಕಳಿಸಿ.

— ಸಂಪಾದಕ